ವಾಯರ್ ಚೀಲದ ಹಳದಿ ಗಂಟು

ವಾಯರ್ ಎಂಬ ಇಂಗ್ಲಿಷ್ ಮಾತಿನ ಮುಂದೆ ಶಬ್ದಕೋಶದಲ್ಲಿ ‘ತಂತಿ’ ಎಂದು ಬರೆದಿರುತ್ತದೆ. ಬರೆದವರು ನಮ್ಮ ಮನೆಗೆ ಬಂದಿರಲಿಲ್ಲ, ಅಷ್ಟೇ. ಹಾವೇರಿಯ ನಮ್ಮ ಮನೆಯಲ್ಲಿ ತಂತಿಯೇ ಬೇರೆ, ವಾಯರೇ ಬೇರೆ. ತಂತಿ ಎಂದರೆ ಹೊಲದ ಬೇಲಿಗೆ ಬಿಗಿಯುವುದು, ಇಲ್ಲವೇ ಬಟ್ಟೆ ಒಣಹಾಕಲು ಹಿತ್ತಲಲ್ಲಿ ಕಟ್ಟಿದ್ದು. ವಾಯರ್ ಎಂದರೆ ಅಪ್ಪನ ಹಿಟ್ಟಿನ ಗಿರಣಿಯ ಮೋಟಾರಿಗೆ ಹೋಗುವ ಕಪ್ಪನೆಯದು, ಟಿವಿಗೆ ಕಿಡಕಿಯಿಂದ ಇಳಿದು ಬರುವ ಕೇಬಲ್ಲಿನದು, ಫೋನಿಗೆ ಇರುವ ಸುರುಳಿಯದು. ಇವೆಲ್ಲ ಗಂಡಸರ ವಾಯರ್. ಹೆಂಗಸರ ವಾಯರ್ ಇನ್ನೊಂದಿತ್ತು. ಬಳೆ ಅಂಗಡಿಯಲ್ಲಿ ಕೆಂಪು, ಹಸಿರು, ಬಿಳಿ, ಹಳದಿ ಕಟ್ಟುಗಳಾಗಿ ಮೊಳೆಗೆ ತೂಗುಬಿಟ್ಟಿರುತ್ತಿದ್ದ ಪ್ಲಾಸ್ಟಿಕ್ಕಿನ ವಾಯರ್. ಅದರೊಳಗೆ ತಾಮ್ರದ ಒಂದು ಎಳೆಯೂ ಇರುತ್ತಿರಲಿಲ್ಲ, ಅದರಲ್ಲಿ ಕರೆಂಟು ಹರಿಯುವ ಮಾತೇ ಇಲ್ಲ. ಆದರೂ ನಮಗೆ ಅದೇ ಖರೇ ವಾಯರ್. ಅವ್ವ “ವಾಯರ್ ತಗೊಂಬಾ” ಎಂದರೆ ಮನೆಯ ಹೆಣ್ಣುಮಕ್ಕಳು ಬಳೆ ಅಂಗಡಿಗೆ ಹೋಗುತ್ತಿದ್ದರು, ಅಪ್ಪ ಅದೇ ಮಾತು ಅಂದರೆ ಕರೆಂಟಿನ ಸಾಮಾನಿನ ಅಂಗಡಿಗೆ. ಇಷ್ಟು ವರ್ಷದಲ್ಲಿ ಒಬ್ಬರೂ ತಪ್ಪಿ ಹೋಗಿದ್ದಿಲ್ಲ.

ಆ ವಾಯರಿನಿಂದ ಚೀಲ ಹೆಣೆಯುತ್ತಿದ್ದರು. ಈಗ ಯಾರ ಕೈಯಲ್ಲೂ ಅಷ್ಟಾಗಿ ಕಾಣುವುದಿಲ್ಲ. ಆಗ, ಅಂದರೆ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲಕ್ಕೆ, ನಮ್ಮ ಕಡೆಯ ಯಾವ ಬಸ್ಸು ಹತ್ತಿದರೂ ಸೀಟಿನ ಕೆಳಗೆ ನಾಲ್ಕು ವಾಯರ್ ಚೀಲ ಇದ್ದೇ ಇರುತ್ತಿದ್ದವು. ಒಂದರಲ್ಲಿ ಬುತ್ತಿ, ಒಂದರಲ್ಲಿ ಸಂತೆ ಕಾಯಿಪಲ್ಯ, ಒಂದರಲ್ಲಿ ಮಗುವಿನ ಅರಿವೆ. ನಮ್ಮ ಓಣಿಯಲ್ಲಿ ಚೀಲ ಹೆಣೆಯುವುದರಲ್ಲಿ ನನ್ನ ಅಕ್ಕನನ್ನು ಹಿಡಿಯುವವರಿರಲಿಲ್ಲ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಒಂದು ಕಾಲು ಚಾಚಿ ಕುಳಿತಳೆಂದರೆ ಸಂಜೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ಮೊದಲು ವಾಯರನ್ನು ಮೊಳ ಹಾಕಿ ಅಳೆದು ತುಂಡು ಮಾಡುವುದು, ಒಂದೊಂದು ತುಂಡನ್ನೂ ನಡುವೆ ಮಡಿಸಿ ಒಂದಕ್ಕೊಂದು ಗಂಟು ಹಾಕುತ್ತ ತಳ ಮಾಡುವುದು, ತಳ ಮುಗಿದ ಮೇಲೆ ನಾಲ್ಕೂ ಕಡೆ ಮೇಲಕ್ಕೆ ಎಬ್ಬಿಸುವುದು, ಕೊನೆಗೆ ಹಿಡಿಕೆ. ಪ್ರತಿ ಗಂಟೂ ಒಂದೇ ಬಿಗಿಗೆ ಬರಬೇಕು. ಎಳೆದೆಳೆದು ಅವಳ ತೋರುಬೆರಳಿನಲ್ಲಿ ಒಂದು ಗೆರೆ ಬಿದ್ದು ಅದು ಗಟ್ಟಿಯಾಗಿಬಿಟ್ಟಿತ್ತು.

ಅಪ್ಪ ಗಿರಣಿಯಿಂದ ಬಂದು ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತ, “ಏನವಾ, ನಿಮ್ಮ ವಾಯರಿಗೆ ಕರೆಂಟ್ ಬಂತೇನು?” ಎಂದು ಕೇಳುತ್ತಿದ್ದ. ಅಕ್ಕ ತಲೆ ಎತ್ತದೆ, “ತಡಿಯಪಾ, ಇನ್ನೂ ಗಂಟ ಹಾಕಾಕತ್ತೇನಿ” ಎನ್ನುತ್ತಿದ್ದಳು. ದಿನವೂ ಇದೇ ಮಾತು, ದಿನವೂ ಇದೇ ನಗು.

ನನಗೆ ಮಾತ್ರ ಇದು ಹತ್ತಲಿಲ್ಲ. ಒಮ್ಮೆ ಅಕ್ಕ ಕೈ ಹಿಡಿದು ಕಲಿಸಲು ಕೂತಳು. ಅರ್ಧ ತಾಸಿನಲ್ಲಿ ನಾನು ಹಾಕಿದ ನಾಲ್ಕು ಗಂಟು ನೋಡಿ, “ಇದು ಗಂಟಲ್ಲಬೇ, ಸಿಕ್ಕು” ಎಂದು ನಕ್ಕಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ವಾಯರನ್ನು ಅಲ್ಲೇ ಒಗೆದು, “ನೀನ ಹೆಣಕೋ, ನಿನಗೇನು ಬ್ಯಾರೆ ಕೆಲಸಿಲ್ಲ” ಎಂದು ಎದ್ದುಹೋದೆ. ಆ ಮಾತು ಎಲ್ಲಿ ತಾಗುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಅಕ್ಕನಿಗೆ ಬೇರೆ ಕೆಲಸ ಇಲ್ಲದಂತೆ ಮಾಡಿದ್ದು ಒಂದು ಮುರಿದ ಸಂಬಂಧ. ನಿಶ್ಚಯ ಆಗಿತ್ತು, ಸೀರೆ ಉಡಿಸಿದ್ದರು, ಉಡಿ ತುಂಬಿದ್ದರು. ತಿಂಗಳೊಪ್ಪತ್ತಿನಲ್ಲಿ ಗಂಡಿನ ಕಡೆಯವರು ಒಲ್ಲೆವೆಂದರು. ಕಾರಣ ಕೇಳಿದರೆ ಹೇಳಲಿಲ್ಲ. ಹೇಳದೇ ಇದ್ದದ್ದೇ ದೊಡ್ಡದಾಯಿತು. ಆಮೇಲೆ ಬಂದವರೆಲ್ಲ, “ಅವರು ಯಾಕ ಬಿಟ್ರಂತ? ಏನರ ಇರಬೇಕಲಾ” ಎಂದು ಅವ್ವನ ಮುಖ ನೋಡುವವರೇ. ಅಕ್ಕ ಯಾರ ಮುಂದೆಯೂ ಅತ್ತದ್ದನ್ನು ನಾನು ಕಾಣೆ. ಇನ್ನಷ್ಟು ವಾಯರ್ ತರಿಸಿಕೊಂಡಳು, ಇನ್ನಷ್ಟು ಚೀಲ ಹೆಣೆದಳು. ಓಣಿಯ ಮದುವೆಗಳಿಗೆಲ್ಲ ಅವಳ ಚೀಲ ಹೋಗುತ್ತಿದ್ದವು. ಅವಳು ಹೋಗುತ್ತಿರಲಿಲ್ಲ.

ಹೀಗೆ ಎರಡು ವರ್ಷ ಕಳೆದು, ಬ್ಯಾಡಗಿಯಿಂದ ನನ್ನನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟ ಮನೆತನ, ಒಳ್ಳೆಯ ಜನ ಎಂದು ಎಲ್ಲರೂ ಅಂದರು. ಅವ್ವ ಮಾಡಿದ ಮೊದಲ ಕೆಲಸವೆಂದರೆ ಅಕ್ಕನನ್ನು ರಾಣೇಬೆನ್ನೂರಿಗೆ ನಮ್ಮ ಸೋದರತ್ತೆಯ ಮನೆಗೆ ಕಳಿಸಿದ್ದು. “ಮದುವಿ ನಿಂತ ಹುಡುಗಿ ಎದರಿಗೆ ಅಡ್ಯಾಡಿದ್ರ ನೂರೆಂಟು ಪ್ರಶ್ನೆ ಬರ್ತಾವು, ಎರಡು ದಿವಸ ಇದ್ದು ಬಾ” ಎಂದಳು. ಅಕ್ಕ ಹೂಂ ಎಂದು ಸೀರೆ ಮಡಚಿದಳು. ಹೋಗುವ ಮುಂಚೆ ಆಗಷ್ಟೇ ಮುಗಿಸಿದ್ದ ಹಸಿರು ಬಿಳಿ ಚೀಲವನ್ನು ತಂದು ಶೋಕೇಸಿನಲ್ಲಿ ಇಟ್ಟು, ಹಿಡಿಕೆ ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಹೋದಳು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಶೋಕೇಸು ನೋಡುತ್ತಾರೆ. ಮಣಿಯ ಗಿಣಿ, ದಾರದ ತೋರಣ, ವಾಯರ್ ಚೀಲ, ಇವೆಲ್ಲ ಹುಡುಗಿಯ ಕೈಯ ಸಾಕ್ಷಿ. ಅತ್ತೆಯಾಗುವವರು ಉಪ್ಪಿಟ್ಟಿನ ತಾಟು ಬದಿಗಿಟ್ಟು ಎದ್ದರು. ಭಾರಿ ಆಳು, ಭಾರಿ ದನಿ. ಸೀದಾ ಹೋಗಿ ಆ ಚೀಲವನ್ನೇ ಎತ್ತಿಕೊಂಡರು. ಒಳಗೆ ಕೈ ಹಾಕಿದರು, ಹಿಡಿಕೆ ಎಳೆದರು, ಬೋರಲು ಮಾಡಿ ತಳ ನೋಡಿದರು.

“ಎಷ್ಟ ಛಂದ ಹೆಣದೈತಿ! ಇದನ್ನ ಹುಡುಗೀನ ಮಾಡ್ಯಾಳೇನ್ರೀ?”

ಅವ್ವ ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ, “ಹೂನ್ರೀ, ಸುಮ್ಮ ಕುಂಡ್ರೂದ ಗೊತ್ತಿಲ್ಲ ಅಕಿಗೆ, ಏನರ ಮಾಡ್ಕೋತ ಇರ್ತಾಳ” ಎಂದಳು.

ನಾನು ನೆಲ ನೋಡಿದೆ. ಅವರು ಅದನ್ನು ನಾಚಿಕೆ ಎಂದುಕೊಂಡರು. ನಾಚಿಕೆಯೇ, ಆದರೆ ಅವರು ತಿಳಿದದ್ದಲ್ಲ. ಬಾಯಿ ಬಿಟ್ಟು “ಅಲ್ಲರೀ, ನಮ್ಮಕ್ಕ ಮಾಡಿದ್ದು” ಎನ್ನಲು ಎಷ್ಟು ಹೊತ್ತು ಬೇಕಿತ್ತು? ಎದುರಿಗೆ ಕೂತ ಹುಡುಗ ನನಗೆ ಮನಸ್ಸಿಗೆ ಬಂದಿದ್ದ. ಅವ್ವನ ಕಣ್ಣಲ್ಲಿ ಒಂದು ಸಂಬಂಧ ಮುರಿದ ಹೆದರಿಕೆ ಇನ್ನೂ ಇತ್ತು. ಇಷ್ಟೆಲ್ಲ ನೆಪ ಈಗ ಹೇಳುತ್ತೇನೆ. ಆಗ ಹೇಳಬೇಕಾದ ಒಂದು ಮಾತು ಹೇಳಲಿಲ್ಲ.

ಮದುವೆ ಆಯಿತು. ಹಸಿರು ಬಿಳಿ ಚೀಲ ನನ್ನ ಜೊತೆಗೆ ಬ್ಯಾಡಗಿಗೆ ಬಂತು. ಬ್ಯಾಡಗಿಯನ್ನು ನೀವು ಕಣ್ಣಿಗಿಂತ ಮೊದಲು ಮೂಗಿನಿಂದ ಕಾಣುತ್ತೀರಿ. ಸುಗ್ಗಿಯ ದಿನಗಳಲ್ಲಿ ಊರಿಗೆ ಊರೇ ಸೀನುತ್ತಿರುತ್ತದೆ. ಹೊಸದಾಗಿ ಬಂದ ಸೊಸೆ ಮೊದಲ ವಾರ ಕಣ್ಣೊರೆಸಿಕೊಳ್ಳುತ್ತಿದ್ದರೆ ತವರು ನೆನಪಾಗಿ ಅಳುತ್ತಾಳೋ, ಘಾಟಿಗೆ ಅಳುತ್ತಾಳೋ ಯಾರಿಗೂ ತಿಳಿಯುವುದಿಲ್ಲ. ಇದರಿಂದ ನನಗೆ ಬಹಳ ಅನುಕೂಲವಾಯಿತು. ನಮ್ಮ ಅಂಗಳದಲ್ಲಿ ಕೆಂಪು ರಾಶಿ ಹಾಕಿ, ಸುತ್ತ ಹೆಂಗಸರು ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಡುವೆ ಮಣೆ ಹಾಕಿಕೊಂಡು ಅತ್ತೆ. ಅವರ ಕೈಗೆ ಯಾವುದೇ ಚೀಲದ ಕಾಯಿ ಬರಲಿ, ಮೇಲಿನದನ್ನು ನೋಡುತ್ತಲೇ ಇರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. “ಮ್ಯಾಲೆ ಎಲ್ಲಾರೂ ಛಂದಾನ ಇಡ್ತಾರ. ತಳದಾಗ ಏನೈತಿ ಅದನ್ನ ನೋಡಬೇಕು” ಎಂದು ನನಗೂ ಕಲಿಸುತ್ತಿದ್ದರು. ಮನೆಗೆ ತಂದ ಹೊಸ ಕೊಡವನ್ನೂ ಬೋರಲು ಹಾಕಿ ನೋಡಿಯೇ ನೀರು ತುಂಬುವ ಹೆಂಗಸು.

ಆ ಹಸಿರು ಬಿಳಿ ಚೀಲದಲ್ಲಿ ದಿನಾ ಮಧ್ಯಾಹ್ನ ಅಂಗಡಿಗೆ ಬುತ್ತಿ ಹೋಗುತ್ತಿತ್ತು. ರೊಟ್ಟಿ, ಪಲ್ಯ, ಮಜ್ಜಿಗೆ ಗಿಂಡಿ ಎಲ್ಲ ಹಿಡಿದರೂ ಚೀಲ ಒಂದು ಕಡೆಗೆ ವಾಲುತ್ತಿರಲಿಲ್ಲ. ಪೇಟೆಯಲ್ಲಿ ನಾಲ್ಕು ಮಂದಿ ಹೊಗಳಿದರು. ಅತ್ತೆಗೆ ಹಿಗ್ಗು. “ನಮ್ಮ ಸೊಸೀ ಕೈಯಂದು” ಎಂದು ಎಲ್ಲರ ಮುಂದೆ ಹೇಳಿದರು. ನಾದಿನಿಗೊಂದು ಬೇಕು, ಅತ್ತೆಯ ತಂಗಿಗೊಂದು ಬೇಕು, ಕಾಗಿನೆಲೆಗೆ ಕೊಟ್ಟ ಅವರ ಅಕ್ಕನ ಮಗಳಿಗೊಂದು ಬೇಕು. ರಾಣೇಬೆನ್ನೂರಿಗೆ ಹೋದಾಗ ಅತ್ತೆ ನನ್ನನ್ನು ಕರೆದುಕೊಂಡು ಹೋಗಿ ದೊಡ್ಡ ಅಂಗಡಿಯಲ್ಲಿ ಕಟ್ಟುಗಟ್ಟಲೆ ವಾಯರ್ ತಂದು ನನ್ನ ಮುಂದೆ ಸುರಿದರು.

ಬೆರಳು ಚುರುಕಿಲ್ಲದಿದ್ದರೇನು, ನಾಲಿಗೆ ಚುರುಕಿತ್ತಲ್ಲ. “ಅತ್ತೀ, ವಾಯರ್ ಎಳದ ಕೈ ಗೀರ್ತೈತ್ರಿ. ಗೀರಿದ ಕೈಲೆ ಮೆಣಸಿನಕಾಯಿ ಮುಟ್ಟಿದ್ರ ಜೀವ ಹೋದಂಗ ಆಗ್ತೈತಿ. ಪಂಚಮಿಗೆ ತವರುಮನಿಗೆ ಹೊಕ್ಕೇನಲ್ರಿ, ಅಲ್ಲೆ ಕುಂತು ಹೆಣಕೊಂಡು ಬರ್ತೇನಿ” ಎಂದೆ. ಅತ್ತೆ ಒಪ್ಪಿದರು. ಮೆಣಸಿನಕಾಯಿಯ ಊರಲ್ಲಿ ಆ ಮಾತನ್ನು ಯಾರೂ ಅಲ್ಲ ಎನ್ನುವಂತಿರಲಿಲ್ಲ.

ಆ ನಾಗರಪಂಚಮಿ ನನಗೆ ಇವತ್ತಿಗೂ ನೆನಪಾದರೆ ಒಂದು ಕಡೆ ಹಿತ, ಒಂದು ಕಡೆ ಮುಳ್ಳು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಶೇಂಗಾದುಂಡಿ, ಎಳ್ಳುಂಡಿ, ಅಳ್ಳಿಟ್ಟು, ಗೆಳತಿಯರ ಕೇಕೆ. ನಾನು ಹೊಸ ಸೀರೆಯ ಸೆರಗು ಸಿಕ್ಕಿಸಿ ಜೀಕುತ್ತಿದ್ದೆ. ಜೋಕಾಲಿ ಮೇಲೆ ಹೋದಾಗೊಮ್ಮೆ ಕಿಡಕಿಯೊಳಗೆ ಅಕ್ಕ ಕಾಣುತ್ತಿದ್ದಳು. ಕಂಬಕ್ಕೆ ಬೆನ್ನು ಕೊಟ್ಟು, ನಾನು ತಂದ ವಾಯರನ್ನು ಮೊಳ ಹಾಕುತ್ತಿದ್ದಳು. ಚೀಲ ಬೇಕು ಎಂದಾಗ ಅವಳು ಒಲ್ಲೆ ಎನ್ನಲಿಲ್ಲ. “ಯಾವ ಬಣ್ಣಕ್ಕ ಯಾವ ಬಣ್ಣಾ ಕೂಡಿಸ್ಲಿ?” ಎಂದಷ್ಟೇ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ, “ಅಲ್ಲೆ ಛಂದ ಅಂತಾರೇನು?” ಎಂದಳು. “ಹೂಂಬೇ, ಭಾಳ ಛಂದ ಅಂತಾರ” ಎಂದೆ. “ಮತ್ತೇನಂತಾರ?” ಎಂದಳು. “ಮತ್ತೇನ ಅಂತಾರ, ಛಂದ ಅಂತಾರ” ಎಂದು ನಾನು ಜೋಕಾಲಿಗೆ ಓಡಿದೆ. ಅವಳು ಏನನ್ನು ಕೇಳಲು ಅಷ್ಟು ಹಾದಿ ಸುತ್ತುತ್ತಿದ್ದಳು ಎಂದು ತಿಳಿದುಕೊಳ್ಳುವಷ್ಟು ಪುರುಸೊತ್ತು ನನಗಿರಲಿಲ್ಲ.

ಹೀಗೆ ಪಂಚಮಿಗೆ ಎರಡು, ದೀಪಾವಳಿಗೆ ಒಂದು, ಮರುವರ್ಷ ಮತ್ತೆ ಮೂರು. ಮೊದಲಿನದೂ ಸೇರಿ ಏಳು ಚೀಲ ಹಾವೇರಿಯಿಂದ ಬ್ಯಾಡಗಿಗೆ ಬಂದವು. ಕೆಂಪು ಬಿಳಿ, ನೀಲಿ ಬಿಳಿ, ಪೂರ್ತಿ ಹಸಿರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಪಕ್ಕದವರು “ನೀವ ಹೆಣದೀರೇನ್ರಿ?” ಎಂದರೆ ಹೂಂ ಎನ್ನುವುದು ರೂಢಿಯಾಗಿಬಿಟ್ಟಿತು. ಸುಳ್ಳು ಮೊದಲ ಸಲ ಗಂಟಲಲ್ಲಿ ಸಿಗುತ್ತದೆ, ಆಮೇಲೆ ಸಲೀಸು.

ಎರಡನೆಯ ವರ್ಷದ ಸುಗ್ಗಿ ಮುಗಿಯಿತು. ಬಿಸಿಲು ಏರಿತು, ಅಂಗಳ ಖಾಲಿಯಾಯಿತು, ತೊಟ್ಟು ಬಿಡಿಸುವ ಹೆಂಗಸರಿಗೆ ಕೆಲಸವಿಲ್ಲ. ಕೊನೆಯ ದಿನ ಅವರಲ್ಲೊಬ್ಬಳು ಬುತ್ತಿ ಚೀಲವನ್ನು ತಿರುಗಿಸಿ ನೋಡುತ್ತ, “ಇಂಥಾದು ನಮಗೂ ಬಂದಿದ್ರ ಬ್ಯಾಸಿಗಿ ಕಳೀತಿತ್ತು ನೋಡವಾ” ಎಂದಳು. ಅತ್ತೆ ಹಿಂದೆಮುಂದೆ ನೋಡಲಿಲ್ಲ. “ಅದಕ್ಕೇನ, ನಮ್ಮ ಸೊಸಿ ಕಲಸ್ತಾಳ ಬರ್ರಿ. ಬರೂ ಸೋಮವಾರದಿಂದ ಇದ ಅಂಗಳದಾಗ. ಹೆಂಗೂ ಈಗ ಖಾರದ ಕೆಲಸಿಲ್ಲ, ಅಕಿ ಕೈ ಉರಿಯಂಗಿಲ್ಲ!” ಎಂದು ಘೋಷಿಸಿಯೇಬಿಟ್ಟರು. ಹನ್ನೆರಡು ಹೆಂಗಸರು ಹೂಂ ಎಂದರು. ನಾನು ಕಟ್ಟಿದ ಬೇಲಿಯನ್ನು ಅತ್ತೆ ಒಂದೇ ಮಾತಿಗೆ ಕಿತ್ತುಹಾಕಿದ್ದರು.

ಸೋಮವಾರಕ್ಕೆ ನಾಲ್ಕು ದಿನ ಉಳಿದಿತ್ತು. ಖರೇ ಹೇಳುತ್ತೇನೆ, ಅನ್ನ ಸೇರಲಿಲ್ಲ. ಸುಳ್ಳು ಬಯಲಾದರೆ ನನ್ನ ಮರ್ಯಾದೆ ಹೋಗುವುದು ಒಂದು. ಅವ್ವ ಬೀಗರ ಮುಂದೆ ಸುಳ್ಳು ಹೇಳಿದಳು ಎಂದಾಗುವುದು ಇನ್ನೊಂದು. ಒಂದು ಮನೆ ಕಾರಣ ಹೇಳದೆ ಬಿಟ್ಟುಹೋದ ಮನೆತನಕ್ಕೆ ಈಗ ಇವರು ಕಾರಣ ಹೇಳಿಯೇ ಬಿಟ್ಟರೆ? ಫೋನು ಪಡಸಾಲೆಯಲ್ಲಿ, ಅತ್ತೆಯ ಕುರ್ಚಿಯ ಪಕ್ಕದಲ್ಲಿ. ಅಕ್ಕನನ್ನು ಕೇಳಿಕೊಳ್ಳುವಂತಿಲ್ಲ. ಆಗ ನನ್ನ ಶಾಣ್ಯಾ ತಲೆಗೆ ಒಂದು ಉಪಾಯ ಹೊಳೆಯಿತು. ಹೆಣೆದ ಚೀಲವನ್ನು ಒಂದೊಂದೇ ಗಂಟು ಬಿಚ್ಚುತ್ತ ಹೋದರೆ ಹೇಗೆ ಹೆಣೆದದ್ದು ಎಂದು ತಿಳಿಯುತ್ತದಲ್ಲ! ಬಿಚ್ಚಿದ ಹಾದಿಯಲ್ಲೇ ಮರಳಿ ಬಂದರಾಯಿತು.

ಶನಿವಾರ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದ್ದರು. ಬುತ್ತಿ ಇಳಿಸಿದ ಹಸಿರು ಬಿಳಿ ಚೀಲ ತೆಗೆದುಕೊಂಡು ಹಿತ್ತಲ ಬಾಗಿಲಲ್ಲಿ ಕೂತೆ. ಅಕ್ಕನ ಗಂಟು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಸೂಜಿ ಹಾಕಿ ಎಬ್ಬಿಸಬೇಕಾಯಿತು, ಹಲ್ಲಿಂದ ಎಳೆಯಬೇಕಾಯಿತು. ಹಿಡಿಕೆ ಬಿಚ್ಚಿದೆ, ಮೇಲಿನ ಎರಡು ಸಾಲು ಬಿಚ್ಚಿದೆ, ತಿಳಿಯಲಿಲ್ಲ. ಇನ್ನೂ ಒಂದು ಸಾಲು, ಇನ್ನೂ ಒಂದು. ಸಿಟ್ಟು ಬಂದು ಎಳೆದೇ ಎಳೆದೆ. ತಳದವರೆಗೂ ಬಂದೆ. ಮರಳಿ ಹಾಕಲು ಹೋದರೆ ಒಂದೂ ಕೂಡುವುದಿಲ್ಲ. ವಾಯರಿನ ಗುಣವೇ ಅದು. ಒಮ್ಮೆ ಬಿಗಿದು ಕೂತದ್ದನ್ನು ಬಿಚ್ಚಿದರೆ ನೆಟ್ಟಗಾಗುವುದಿಲ್ಲ, ಗಂಟು ಇದ್ದಲ್ಲೆಲ್ಲ ಸೊಟ್ಟಾಗಿಯೇ ಉಳಿಯುತ್ತದೆ. ನನ್ನ ಉಡಿಯ ತುಂಬ ಸೊಟ್ಟ ವಾಯರಿನ ಗುಡ್ಡೆ. ಅಕ್ಕ ಎಂಟು ದಿನ ಕೂತು ಮಾಡಿದ್ದನ್ನು ಎರಡು ತಾಸಿನಲ್ಲಿ ಹಾಳುಮಾಡಿ ಕೂತಿದ್ದೆ. ಅಳು ಬಂತು. ಈ ಸಲ ಘಾಟಿನ ನೆಪವೂ ಇರಲಿಲ್ಲ.

“ಏನದು?” ಹಿಂದಿನಿಂದ ಅತ್ತೆಯ ದನಿ.

“ಏನಿಲ್ರೀ ಅತ್ತೀ, ಚೀಲಾ ಸಡಿಲಾಗಿತ್ತು. ಬಿಚ್ಚಿ ಮತ್ತ ಹೆಣದ್ರಾತು ಅಂತ...”

ಅತ್ತೆ ಕುಕ್ಕರಗಾಲಲ್ಲಿ ಕೂತು ಗುಡ್ಡೆಯೊಳಗೆ ಕೈ ಹಾಕಿದರು. ಹಸಿರು ಸರಿಸಿದರು, ಬಿಳಿ ಸರಿಸಿದರು. ಕೆಳಗಿನಿಂದ ಬೆರಳುದ್ದದ ಒಂದು ಹಳದಿ ತುಂಡು ಎತ್ತಿ ಹಿಡಿದರು. “ಇದನ್ನ ಯಾಕ ಹಾಕಿದ್ದಿ ಹಂಗಾರ?”

ಸಿಟ್ಟಿನ ಭರದಲ್ಲಿ ನಾನೇ ಬಿಚ್ಚಿದ್ದರೂ ಆ ಹಳದಿ ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ನಾಲಿಗೆ ಮಾತ್ರ ತಡೆಯಲಿಲ್ಲ. “ಹಸರು ತೀರಿತ್ರೀ. ಮನ್ಯಾಗ ಹಳದಿ ಇತ್ತು, ಅದನ್ನ ಹಾಕಿದೆ.”

ಅತ್ತೆ ಎದ್ದು ಒಳಗೆ ಹೋಗಿ ಮನೆಯಲ್ಲಿದ್ದ ಇನ್ನೂ ಮೂರು ಚೀಲ ತಂದರು. ಕೆಂಪು ಬಿಳಿಯದನ್ನು ಬೋರಲು ಹಾಕಿದರು. ತಳದ ಮೂಲೆಯಲ್ಲಿ ಒಂದು ಹಳದಿ ಗಂಟು. ನೀಲಿಯದನ್ನು ಹಾಕಿದರು. ಅದರಲ್ಲೂ. ಪೂರ್ತಿ ಹಸಿರಿನದನ್ನು ಹಾಕಿದರು. ಅದೇ ಮೂಲೆ, ಅದೇ ಹಳದಿ.

“ಎಲ್ಲಾದ್ರಾಗೂ ಒಂದ ಗಂಟಿನಷ್ಟ ವಾಯರ್ ಹೆಂಗ ಕಡಿಮಿ ಬೀಳ್ತೈತಿ? ನಿನ್ನ ನೋಡಾಕ ಬಂದ ದಿನಾನ ನಾ ಇದನ್ನ ಕಂಡೇನಿ. ಹುಡುಗಿ ತನ್ನ ಗುರ್ತಿಗೆ ಹಾಕ್ತಾಳ, ಶಾಣ್ಯಾಕಿ ಅದಾಳ ಅಂತ ತಿಳಕೊಂಡಿದ್ದೆ. ಹಾಕಿದಾಕಿಗೆ ಯಾಕ ಹಾಕೇನಿ ಅಂತ ಗೊತ್ತಿಲ್ಲ ಅಂದ್ರ ಹಾಕಿದಾಕಿ ಬ್ಯಾರೇನ ಅದಾಳ. ಯಾರು ಹೆಣದಾರಬೇ ಇವನ್ನ?”

“ನಮ್ಮಕ್ಕ” ಎಂದೆ. ಎರಡು ವರ್ಷದಿಂದ ಹೇಳಬೇಕಾಗಿದ್ದ ಮಾತು ಇಷ್ಟು ಚಿಕ್ಕದು. ಒಂದು ಹೇಳಿದ ಮೇಲೆ ಎಲ್ಲವೂ ಬಂತು. ನಿಂತ ನಿಶ್ಚಯ, ರಾಣೇಬೆನ್ನೂರಿಗೆ ಕಳಿಸಿದ್ದು, ಅವ್ವನ ಹೂಂ, ನನ್ನ ಹೂಂ, ಪಂಚಮಿಯ ವಾಯರ್, ಎಲ್ಲ.

ಅತ್ತೆ ಬೈಯುತ್ತಾರೆಂದು ಕೂತಿದ್ದೆ. ಬೈದರು, ಆದರೆ ನಾನು ಎಣಿಸಿದ್ದಕ್ಕಲ್ಲ. “ನನಗ ಚೀಲಾ ಹೆಣಿಯೂ ಸೊಸೀನ ಬೇಕಂತ ಯಾವಾಗ ಅಂದಿದ್ದೆ? ನಿನಗ ಬರಂಗಿಲ್ಲಂದ್ರ ಬರಂಗಿಲ್ಲ, ಅದಕ್ಕೇನು ನೇಣ ಹಾಕ್ತಿದ್ರಾ? ಇಂಥಾ ಕೈ ಇದ್ದಾಕೀನ ನೀವೆಲ್ಲಾ ಕೂಡಿ ಒಳಗ ಮುಚ್ಚಿಟ್ಟೀರಿ. ಅಕಿ ಚೀಲಾ ಬೇಕು, ಅಕಿ ಬ್ಯಾಡ. ನಿಮಗ ಮನಶಾರನ್ನಬೇಕೋ ಏನನ್ನಬೇಕು?” ಎಂದರು. ನನ್ನ ಸಿಟ್ಟು, ನನ್ನ ನಾಲಿಗೆ ಎಲ್ಲ ಎಲ್ಲಿ ಹೋದವೋ. ತಲೆ ತಗ್ಗಿಸಿ ಕೇಳಿದೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅಲ್ಲಿಂದ ಎದ್ದವರೇ ಹಾವೇರಿಗೆ ಫೋನು ಹಚ್ಚಿದರು. “ಬೀಗತೇರ, ನಿಮ್ಮ ದೊಡ್ಡ ಮಗಳನ್ನ ನಾಳೆ ಮುಂಜಾನಿ ಬಸ್ಸಿಗೆ ಕಳಸ್ರಿ. ನಮ್ಮ ಓಣ್ಯಾಗ ಚೀಲಾ ಹೆಣಿಯೂದು ಕಲಸಬೇಕಾಗೇತಿ. ಕಲಸೂದು ಅಕಿಗೇ ಬರ್ತೈತಂತ, ನಿಮ್ಮ ಸಣ್ಣ ಮಗಳು ಹೇಳ್ಯಾಳ” ಎಂದರು. ಆ ಕಡೆ ಅವ್ವ “ಆತ್ರೀ” ಎಂದಷ್ಟೇ ಹೇಳಿ ಫೋನು ಇಟ್ಟಳಂತೆ. ಅತ್ತೆ ಅದನ್ನೂ ನನಗೆ ಹೇಳಿದರು, ಸಿಹಿ ಮಾಡಿ ಹೇಳಲಿಲ್ಲ.

ಅಕ್ಕ ರವಿವಾರ ಬಂದಳು. ಬಸ್‌ಸ್ಟ್ಯಾಂಡಿಗೆ ನಾನೇ ಹೋಗಿದ್ದೆ. ಏನಾಯಿತೆಂದು ದಾರಿಯಲ್ಲೇ ಹೇಳಿದೆ. ಬಿಚ್ಚಿ ಹಾಳುಮಾಡಿದ್ದನ್ನೂ ಹೇಳಿದೆ. “ಪೂರ್ತಿ ಬಿಚ್ಚಿದೇನು? ಸೂಜೀಲೆ?” ಎಂದು ಕೇಳಿ ನಕ್ಕಳು. ಎರಡು ವರ್ಷ ನನ್ನ ಹೆಸರಲ್ಲಿ ಹೋದ ಚೀಲಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಸೋಮವಾರ ಅಂಗಳದಲ್ಲಿ ಹನ್ನೆರಡು ಹೆಂಗಸರು ಕೂತರು. ಅತ್ತೆ ತಮ್ಮ ಮಣೆಯನ್ನು ತಂದು ನಡುವೆ ಹಾಕಿ ಅಕ್ಕನನ್ನು ಕೂಡಿಸಿದರು. “ಈಕಿ ನಮ್ಮ ಸೊಸೀ ಅಕ್ಕ. ಇಷ್ಟ ದಿನಾ ನಾ ನಿಮಗ ತಪ್ಪ ಹೇಳಿದ್ದೆ. ಆ ಚೀಲಾ ಎಲ್ಲಾ ಈಕೀ ಕೈಯಾಗಿನವು” ಎಂದರು. ತಪ್ಪು ನನ್ನದು, ಹೊತ್ತುಕೊಂಡವರು ಅವರು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, “ತಪ್ಪ ಅತ್ತೀದಲ್ಲ, ನಂದು. ನನಗ ಒಂದ ಗಂಟೂ ಬರಂಗಿಲ್ಲ” ಎಂದು ಹೇಳಿ, ಒಂದು ಕಟ್ಟು ವಾಯರ್ ತೆಗೆದುಕೊಂಡು ಹದಿಮೂರನೆಯವಳಾಗಿ ಅವರ ಸಾಲಿನಲ್ಲಿ ಕೂತೆ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಅಕ್ಕನ ಮುಖ ಕೆಂಪಾಗಿತ್ತು. ಅಷ್ಟು ಜನ ಅವಳನ್ನು ಒಟ್ಟಿಗೆ ನೋಡಿ ಬಹಳ ದಿನವಾಗಿತ್ತು.

ಎರಡು ದಿನಕ್ಕೆಂದು ಬಂದವಳು ಮೂರು ವಾರ ನಿಂತಳು. ಮುಂದೆ ರಾಣೇಬೆನ್ನೂರಿನಲ್ಲಿ, ಅವಳನ್ನು ಅಡಗಿಸಿಡಲೆಂದು ಕಳಿಸಿದ್ದ ಅದೇ ಸೋದರತ್ತೆಯ ಮನೆಯ ಮುಂದಿನ ಖೋಲಿಯಲ್ಲಿ ತನ್ನದೇ ಕ್ಲಾಸು ನಡೆಸಿದಳು. ವಾಯರ್ ಚೀಲದ ಕಾಲ ಮುಗಿದ ಮೇಲೂ ಆ ಖೋಲಿಯಲ್ಲಿ ಏನಾದರೊಂದು ಕಲಿಸುವುದು ನಡೆದೇ ಇತ್ತು. ಅವಳ ಮದುವೆ ಏನಾಯಿತು ಎಂದು ಕೇಳುವವರಿದ್ದೀರಿ. ಆ ಕತೆ ಅವಳದು, ಬೇಕಿದ್ದರೆ ಅವಳೇ ಹೇಳುತ್ತಾಳೆ. ಅವಳದನ್ನು ನನ್ನದೆಂದು ಒಮ್ಮೆ ಹೇಳಿದ್ದು ಸಾಕು.

ಆ ಮೂರು ವಾರದಲ್ಲಿ ಒಂದು ಸಂಜೆ. ಹೆಂಗಸರು ಮನೆಗೆ ಹೋಗಿದ್ದರು. ಅಂಗಳ ಗುಡಿಸಿದರೂ ಮೂಲೆಯಲ್ಲಿ ಕೆಂಪು ಬೀಜ ಉಳಿದಿದ್ದವು, ಗಾಳಿ ಬೀಸಿದರೆ ಇನ್ನೂ ಸ್ವಲ್ಪ ಘಾಟು. ನಾವಿಬ್ಬರೇ ಕಟ್ಟೆಯ ಮೇಲೆ ಕೂತಿದ್ದೆವು. ನಾನು ಹಾಗೂ ಹೀಗೂ ಒಂದು ಚೀಲದ ತಳ ಮುಗಿಸಿದ್ದೆ, ಡೊಂಕಾಗಿತ್ತು. ಅಕ್ಕ ಅತ್ತೆಗೆಂದು ಹೊಸ ಹಸಿರು ಬಿಳಿ ಚೀಲ ಹೆಣೆಯುತ್ತಿದ್ದಳು. ನನ್ನ ತೋರುಬೆರಳು ಗೀರಿ ಉರಿಯುತ್ತಿತ್ತು. ಹೊಸ ಚೀಲದ ತಳವನ್ನು ತಿರುಗಿಸಿ ನೋಡಿದೆ. ನಾಲ್ಕೂ ಮೂಲೆ ಹಸಿರು.

“ಅಕ್ಕಾ, ಇದಕ್ಕ ಹಳದಿ ಹಾಕಿಲ್ಲಲಾ?”

“ಇನ್ನ ಯಾಕ ಅದು?”

“ಮತ್ತ ಅವಕ್ಕೆಲ್ಲಾ ಯಾಕ ಹಾಕ್ತಿದ್ದಿ?”

ಅಕ್ಕ ಕೈಯಲ್ಲಿದ್ದ ಗಂಟನ್ನು ಎಳೆದು ಬಿಗಿ ಮಾಡಿದಳು. ತಲೆ ಎತ್ತಲಿಲ್ಲ.

“ಯಾರರ ಒಬ್ರು ತಿರುವಿ ನೋಡಿ, ಇದು ಯಾಕ ಐತಿ, ಯಾರ ಹಾಕ್ಯಾರ ಅಂತ ಕೇಳಲಿ ಅಂತ ಹಾಕ್ತಿದ್ದೆ” ಎಂದಳು. ಇನ್ನೊಂದು ಗಂಟು ಹಾಕಿ, “ಎಲ್ಲಾರಕಿಂತ ಮೊದಲ ನೀನ ಕೇಳ್ತಿ ಅಂತ ಮಾಡಿದ್ದೆ” ಎಂದಳು.

ಏಳೂ ಚೀಲಗಳನ್ನು ನಾನೇ ಹೊತ್ತು ತಂದಿದ್ದೆ. ಒಂದನ್ನೂ ತಿರುವಿ ನೋಡಿರಲಿಲ್ಲ.